ಅರ್ಧ ಇಂಚಕ್ಕನ ಕಳ್ಳಿ ಸ್ಮೂದಿ

ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬೆಚ್ಚಗೆ ಮಲಗಿತ್ತು. ಬೀದಿಗೆಲ್ಲ ಅವಳು ಅರ್ಧ ಇಂಚಕ್ಕ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಕಿಟಕಿಗೆ ಮುಖ ಮಾಡಿದ ಮಿಷನ್ನು, ಪಕ್ಕದಲ್ಲಿ ಇಸ್ತ್ರಿ ಮೇಜು, ಗೋಡೆಗೆ ಆಳೆತ್ತರದ ಒಂದು ಕನ್ನಡಿ. ನಲವತ್ತು ವರ್ಷಗಳಲ್ಲಿ ಆ ಕೋಣೆಯಿಂದ ಹೊರಗೆ ಹೋದ ಯಾವ ಬಟ್ಟೆಯನ್ನು ಬೇಕಾದರೂ ತಿರುಗಿಸಿ ನೋಡಿ, ಒಳಹೊಲಿಗೆಯ ಎರಡೂ ಬದಿಗೆ ಅರ್ಧರ್ಧ ಇಂಚು ಬಟ್ಟೆ ಮಡಚಿಕೊಂಡು ಕೂತಿರುತ್ತದೆ. “ಒಳಗೆ ಇಷ್ಟು ಬಟ್ಟೆ ಯಾಕಕ್ಕ ದಂಡ?” ಎಂದು ಯಾರಾದರೂ ಕೇಳಿದರೆ, ಗುಂಡುಸೂಜಿ ಕಚ್ಚಿದ ತುಟಿಯ ಸಂದಿಯಿಂದಲೇ ಉತ್ತರ ಬರುತ್ತಿತ್ತು.

“ಮನುಷ್ಯ ಅಂದ್ಮೇಲೆ ಇದ್ದ ಹಾಗೇ ಇರ್ತಾನಾ? ಇವತ್ತು ಸಣ್ಣ, ನಾಳೆ ದಪ್ಪ. ಬಿಚ್ಚಿಕೊಳ್ಳೋಕೆ ಅಂತ ಅರ್ಧ ಇಂಚು ಇರ್ಲೇಬೇಕು.”

ಅವಳ ಗಂಡ ಲಾರಿ ಡ್ರೈವರ್. ಡ್ರೈವರ್ ಆಗಿದ್ದ ಅನ್ನಬೇಕು. ಸ್ಟೇರಿಂಗ್ ಬಿಟ್ಟು ಮೂರು ವರ್ಷವಾದರೂ ಬೀದಿಯವರ ಬಾಯಲ್ಲಿ ಈಗಲೂ ಡ್ರೈವರಣ್ಣನೇ. ಬೆಳಗ್ಗೆ ಹೆಂಡತಿಯ ಮಿಷನ್ನಿನ ಎದುರಿನ ಬೆಂಚಿನ ಮೇಲೆ ಪೇಪರು ಹಿಡಿದು ಕೂರುವುದೇ ಅವನ ಈಗಿನ ಡ್ಯೂಟಿ. ಅವಳು ಒಂದು ಹೊಲಿಗೆ ಮುಗಿಸಿ ಬಟ್ಟೆ ಎತ್ತಿ ಹಿಡಿದು, “ರೀ, ನೇರ ಇದೆಯಾ?” ಎಂದು ಕೇಳುವಳು. ಅವನು ಪೇಪರಿನಿಂದ ಕಣ್ಣು ತೆಗೆಯದೆಯೇ, “ಗೆರೆ ಎಳೆದ ಹಾಗಿದೆ” ಅನ್ನುವನು. ಮದುವೆಯಾದಂದಿನಿಂದ ಇದೇ ಪ್ರಶ್ನೆ, ಇದೇ ಉತ್ತರ. ನೋಡದೆ ಹೇಳುತ್ತಾನೆಂದು ಅವಳಿಗೆ ಗೊತ್ತು. ಗೆರೆ ಎಳೆದ ಹಾಗೇ ಇರುತ್ತದೆಂದು ಅವನಿಗೂ ಗೊತ್ತು.

ಹೀಗಿರುವಾಗ ಡ್ರೈವರಣ್ಣನ ಹಲ್ಲುಗಳು ಕೈಕೊಟ್ಟವು. ಅಳಿದುಳಿದ ಹದಿನಾಲ್ಕನ್ನೂ ಡಾಕ್ಟರು ಎರಡು ಕಂತಿನಲ್ಲಿ ಕಿತ್ತು, ವಸಡು ಗಟ್ಟಿಯಾಗಲಿ, ಮೂರು ನಾಲ್ಕು ತಿಂಗಳು ಬಿಟ್ಟು ಹೊಸ ಸೆಟ್ ಹಾಕೋಣ ಅಂದರು. ಲಾರಿ ಓಡಿಸುವಾಗ ನಿಂತಲ್ಲೇ ನುಂಗಿ ಓಡುತ್ತಿದ್ದ ಮನುಷ್ಯ, ಈಗ ಕೂತು ಅಗಿದು ತಿನ್ನುವಷ್ಟು ಪುರುಸೊತ್ತು ಸಿಕ್ಕಾಗ ಬಾಯಿ ಖಾಲಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಗಂಜಿ ಕಾಯಿಸಿಟ್ಟರೆ ಬಟ್ಟಲನ್ನು ಆಚೆ ತಳ್ಳಿದ.

“ಗಂಜಿ ರೋಗಿಗಳಿಗೆ. ನಂಗೇನು ರೋಗ? ಹಲ್ಲಿಲ್ಲ, ಅಷ್ಟೇ.”

ಎದುರುಮನೆಯ ನರ್ಸಮ್ಮ ಆಗ ಕುಪ್ಪಸದ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದವಳು, “ಹಣ್ಣು ಮಿಕ್ಸಿಗೆ ಹಾಕಿ ಸ್ಮೂದಿ ಮಾಡ್ಕೊಡಿ ಅಕ್ಕ, ಅಗಿಯೋದೇ ಬೇಡ, ಹೊಟ್ಟೆ ತುಂಬುತ್ತೆ” ಅಂದಳು. ಡ್ರೈವರಣ್ಣ ಪೇಪರು ಕೆಳಗಿಟ್ಟ. “ಹಾಗಾದ್ರೆ ನಮ್ಮ ಕಳ್ಳಿನೂ ಹಾಕು” ಅಂದ.

ನಮ್ಮ ಕಳ್ಳಿಯ ಕಥೆ ಹೀಗೆ. ಮದುವೆಯಾದ ಹೊಸತರಲ್ಲಿ, ದೂರದ ಲೋಡು ತೆಗೆದುಕೊಂಡು ಹೊರಟ ಗಂಡನಿಗೆ ಅವಳು ಒಂದು ಹೂವಿನ ಗಿಡ ತಂದುಕೊಡಿ ಅಂದಿದ್ದಳು. ಹದಿನೈದು ದಿನ ಬಿಟ್ಟು ಬಂದವನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಪಾಪಾಸುಕಳ್ಳಿಯ ಒಂದೇ ಒಂದು ಎಲೆ. “ಅಲ್ಲಿಯವ್ರು ಇದನ್ನ ತರಕಾರಿ ಹಾಗೆ ತಿಂತಾರೆ, ನಾನೂ ತಿಂದೆ. ನೀರು ಹಾಕ್ದಿದ್ರೂ ಸಾಯಲ್ಲ. ನಾನು ಊರಲ್ಲಿ ಇಲ್ದಾಗ ನಿಂಗೊಂದು ಕೆಲಸ ಕಡಿಮೆ” ಅಂದ. ಹೂ ಕೇಳಿದವಳಿಗೆ ಮುಳ್ಳು ತಂದ ಗಂಡನ ಜೊತೆ ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅದನ್ನು ಒಡಕು ಬಕೀಟಿನಲ್ಲಿ ಊರಿದಳು. ಅದು ಬಕೀಟು ಸೀಳಿ, ನೆಲ ಹಿಡಿದು, ಎಲೆಯ ಮೇಲೆ ಎಲೆ ಇಟ್ಟು ಹಿತ್ತಲ ಗೋಡೆಯಷ್ಟು ಎತ್ತರಕ್ಕೆ ಬೆಳೆಯಿತು. ಉದ್ದ ಮುಳ್ಳಿನ ಜಾತಿಯಲ್ಲ. ಎಲೆಯ ಮೇಲೆ ಅಲ್ಲಲ್ಲಿ ಚುಕ್ಕಿ ಇಟ್ಟಂಥ ಗುಳಿಗಳು, ಆ ಗುಳಿಗಳಲ್ಲಿ ಕೂದಲಿಗಿಂತ ಸಣ್ಣ ಹಳದಿ ಮುಳ್ಳಿನ ಗೊಂಚಲು. ಅಷ್ಟೇ. ಆದರೆ ಆ ಅಷ್ಟೇ ಅನ್ನುವುದು ಚರ್ಮಕ್ಕೆ ಹೊಕ್ಕರೆ ಎರಡು ದಿನ ನಿದ್ದೆ ಕೆಡಿಸುತ್ತದೆ.

ಮೊದಲ ದಿನ ಅವಳು ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಸುರಿದು, ಮುಚ್ಚಳ ಒತ್ತಿ ಹಿಡಿಯದೆ ಗುಂಡಿ ತಿರುಗಿಸಿದಳು. ಅಡುಗೆಮನೆಯ ಗೋಡೆಗೆ ಹಸಿರು ಬಣ್ಣ ಬಳಿದಂತಾಯಿತು, ಲೋಟಕ್ಕೆ ಬಂದದ್ದು ಬೆಂಡೆಕಾಯಿ ಲೋಳೆಯಂಥದ್ದು. ವಾರದೊಳಗೆ ಅವಳ ಕೈಗೆ ಹದ ಸಿಕ್ಕಿತು. ಬೆಳಗಾಗುತ್ತಲೇ ಕಿತ್ತ ಎಲೆ ಹುಳಿ, ಬಿಸಿಲೇರಿದ ಮೇಲೆ ಕಿತ್ತದ್ದು ಸಪ್ಪೆ, ಒಂಬತ್ತಕ್ಕೂ ಹತ್ತಕ್ಕೂ ನಡುವೆ ಕಿತ್ತದ್ದು ಸರಿ. ಅಂಗೈಯಷ್ಟು ಅಗಲದ ಎಳೆಯದನ್ನೇ ಇಕ್ಕಳದಲ್ಲಿ ಹಿಡಿದು ಕೊಯ್ಯಬೇಕು. ಮೊದಲು ಬರೀ ಕಳ್ಳಿ ಮತ್ತು ತಣ್ಣೀರು ಹಾಕಿ ನುಣ್ಣಗೆ ಮಾಡಬೇಕು, ಆಮೇಲೆ ನಾಲ್ಕು ಹೋಳು ಅನಾನಸ್, ಒಂದು ಬಾಳೆಹಣ್ಣು, ಒಂದು ಕಿತ್ತಳೆಯ ರಸ, ಉಗುರಿನಷ್ಟು ಶುಂಠಿ. ಹುಳಿಹಣ್ಣು ಬಿದ್ದರೆ ಲೋಳೆ ಮುರಿಯುತ್ತದೆ.

ಮುಳ್ಳು ತೆಗೆಯುವ ಕೆಲಸ ಮಾತ್ರ ಅವಳು ಹೊಲಿಗೆಯವಳ ಹಾಗೇ ಮಾಡುತ್ತಿದ್ದಳು. ಬಟ್ಟೆಯ ಕತ್ತರಿಗೆ ಕಾಗದ ಕೂಡ ಮುಟ್ಟಿಸಬಾರದು ಅನ್ನುವ ಕಟ್ಟಪ್ಪಣೆ ಆ ಮನೆಯಲ್ಲಿ. ಹರಿತ ಕಳೆದುಕೊಂಡು ನಿವೃತ್ತಿಯಾಗಿದ್ದ ಹಳೆಯ ಕತ್ತರಿಯೊಂದನ್ನು ಕಳ್ಳಿಗೆಂದು ಮತ್ತೆ ಕೆಲಸಕ್ಕೆ ಸೇರಿಸಿಕೊಂಡಳು. ಕಾಲರು ಕತ್ತರಿಸಿದ ಹಾಗೆ ಎಲೆಯ ಅಂಚನ್ನು ಸುತ್ತಲೂ ಕತ್ತರಿಸಿ, ಅಲಗಿನಿಂದ ಎರಡೂ ಮೈ ಕೆರೆದು, ನಲ್ಲಿಯಡಿ ತೊಳೆದು, ಕೊನೆಗೆ ಹಿಂಗೈಯನ್ನು ಎಲೆಯ ಮೇಲೆ ಒಮ್ಮೆ ಹಗುರಾಗಿ ಎಳೆದು ನೋಡುವಳು. ಗಿರಾಕಿಗೆ ಬಟ್ಟೆ ಕೊಡುವ ಮೊದಲು ಗುಂಡುಸೂಜಿ ಉಳಿದಿದೆಯೇ ಎಂದು ಅವಳು ನೋಡುತ್ತಿದ್ದದ್ದು ಹಾಗೆಯೇ. ಹಿಂಗೈ ಯಾವತ್ತೂ ಸುಳ್ಳು ಹೇಳಿರಲಿಲ್ಲ. ಆದರೆ ಗುಂಡುಸೂಜಿ ಬಟ್ಟೆಯಿಂದ ತಲೆ ಎತ್ತಿ ನಿಲ್ಲುವಂಥದ್ದು. ಕಳ್ಳಿಯ ಮುಳ್ಳು ಗುಳಿಯೊಳಗೆ ತಲೆ ತಗ್ಗಿಸಿ ಕೂರುವಂಥದ್ದು. ಅದನ್ನು ಕಣ್ಣೇ ಹುಡುಕಬೇಕು.

ಅಲ್ಲಿಯೇ ಇದ್ದದ್ದು ಎಡವಟ್ಟು. ಅರ್ಧ ಇಂಚಕ್ಕನ ಕಣ್ಣು ಒಂದು ವರ್ಷದಿಂದ ಮಸುಕಾಗಿತ್ತು. ಬಲಗಣ್ಣಿಗೆ ಸೀಮೆಸುಣ್ಣದ ಗೆರೆ ಎರಡೆರಡಾಗಿ ಕಾಣುತ್ತಿತ್ತು, ಎಡಗಣ್ಣಿಗೆ ಕಾಣುತ್ತಲೇ ಇರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೊಲಿಗೆ ಕಲಿಸಿದ ಚಿಕ್ಕಪ್ಪ, ಕಣ್ಣು ಹೋಯಿತೆಂದು ಮಿಷನ್ನು ಮಾರಿದವನು, ಆಮೇಲೆ ಮೂಲೆಯಲ್ಲಿ ಕೂತು ಬರೀ ಬೆರಳಿನಿಂದ ಪಂಚೆಯಂಚು ತಡವುತ್ತಾ ವರ್ಷದೊಳಗೆ ಮುದುಕನಾಗಿ ಹೋದ. ಆ ಬೆರಳುಗಳನ್ನು ಅವಳು ಮರೆತಿರಲಿಲ್ಲ. ಹಾಗಾಗಿ ಅಂಗಡಿಗೆ ಹೊಸದೊಂದು ನಿಯಮ ತಂದಳು: ಬಂದ ಗಿರಾಕಿ ಒಂದು ಸೂಜಿಗೆ ದಾರ ಪೋಣಿಸಿಯೇ ಹೋಗಬೇಕು. “ನಮ್ಮಂಗಡಿ ಪದ್ಧತಿ ಇದು, ಹೊಲಿಗೆ ಚೆನ್ನಾಗಿ ಬರುತ್ತೆ” ಅನ್ನುವಳು. ಪೋಸ್ಟ್‌ಮನ್ನೂ ಪೋಣಿಸಿದ, ಹಾಲಿನವನೂ ಪೋಣಿಸಿದ. ಸೂಜಿದಿಂಬಿನ ಮೇಲೆ ಬಣ್ಣಬಣ್ಣದ ಬಾಲದ ಸೂಜಿಗಳು ಸಾಲಾಗಿ ನಿಂತಿರುತ್ತಿದ್ದವು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹೀಗೆಯೇ.

ಸ್ಮೂದಿ ಶುರುವಾಗಿ ಮೂರು ವಾರ ಆಗಿರಬಹುದು, ನರ್ಸಮ್ಮ ಒಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಮೂವತ್ತೆಂಟಕ್ಕೆ ಅವಳ ಮದುವೆ ಕೂಡಿಬಂದಿತ್ತು, ಇನ್ನು ಮೂರೂವರೆ ತಿಂಗಳಿತ್ತು. ಪೆಟ್ಟಿಗೆಯೊಳಗೆ ಅವಳ ತಾಯಿ ಮದುವೆಯಲ್ಲಿ ತೊಟ್ಟಿದ್ದ ತಿಳಿಗುಲಾಬಿ ರೇಷ್ಮೆಯ ನಿಲುವಂಗಿ. ತಾಯಿ ಹೋಗಿ ಆರು ವರ್ಷವಾಗಿತ್ತು.

“ನೀವೇ ಹೊಲಿದದ್ದಂತೆ ಅಕ್ಕ, ಅಮ್ಮ ಹೇಳ್ತಿದ್ಲು. ನಂಗೆ ಸೊಂಟದಲ್ಲಿ ಬಿಗಿ. ಬಿಚ್ಚಿ ಅಗಲ ಮಾಡೋಕೆ ಆಗುತ್ತಾ?”

ಅರ್ಧ ಇಂಚಕ್ಕ ಉಡುಪನ್ನು ತಿರುಗಿಸಿ ಒಳಹೊಲಿಗೆಯ ಮೇಲೆ ಬೆರಳಾಡಿಸಿದಳು. ಅವಳು ಕಲಿತ ಹೊಸತರಲ್ಲಿ ಹೊಲಿದದ್ದು. ಎರಡೂ ಬದಿಗೆ ಅರ್ಧರ್ಧ ಇಂಚು ಹಾಗೇ ಕಾದು ಕೂತಿತ್ತು. “ಆಗುತ್ತೆ ಬಿಡು, ಇದಕ್ಕೇ ಅಂತ ಬಿಟ್ಟಿದ್ದು” ಅಂದಳು, ಹೆಮ್ಮೆಯಿಂದ. ನರ್ಸಮ್ಮ ಸೂಜಿಗೆ ದಾರ ಪೋಣಿಸಿ, ಕಣ್ಣೊರೆಸಿಕೊಂಡು ಹೋದಳು.

ಆಮೇಲೆ ಶುರುವಾಯಿತು ಸಂಕಟ. ಗುಲಾಬಿ ರೇಷ್ಮೆಗೆ ಗುಲಾಬಿ ದಾರ. ಬ್ಲೇಡಿನ ತುದಿ ದಾರಕ್ಕೆ ತಾಗಬೇಕೇ ಹೊರತು ರೇಷ್ಮೆಗೆ ತಾಗಬಾರದು. ಜಾರಿದರೆ ಸತ್ತ ತಾಯಿಯ ಉಡುಪು ಇನ್ನೊಂದು ಎಲ್ಲಿಂದ ತರುವುದು? ಇವತ್ತು ಮೋಡ, ನಾಳೆ ನೋಡೋಣ. ಇವತ್ತು ಕರೆಂಟಿಲ್ಲ, ನಾಡಿದ್ದು ನೋಡೋಣ. ಹೀಗೆ ಒಂದು ತಿಂಗಳು ಹೋಯಿತು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಇದರ ನಡುವೆ ಗಂಡನದ್ದೊಂದು ಹೊಸ ಚಾಳಿ. ಮೊದಲೆಲ್ಲ ಅಡುಗೆಮನೆಯಲ್ಲೇ ನಿಂತು ಗಟಗಟ ಕುಡಿಯುತ್ತಿದ್ದವನು ಈಗ ಲೋಟ ಹಿಡಿದು ಹಿತ್ತಲಿಗೆ ಹೋಗುತ್ತಾನೆ. ಹಿಂಬಾಗಿಲು ಮುಂದಕ್ಕೆಳೆದುಕೊಳ್ಳುತ್ತಾನೆ. ಹತ್ತು ನಿಮಿಷ ಬಿಟ್ಟು ಖಾಲಿ ಲೋಟದ ಜೊತೆ ಬರುತ್ತಾನೆ. ಅವಳ ಚಿಮುಟ ಕೂಡ ಒಮ್ಮೆ ಕಾಣೆಯಾಗಿ ಅವನ ಶೇವಿಂಗ್ ಡಬ್ಬಿಯಲ್ಲಿ ಸಿಕ್ಕಿತು. ಚಿಮುಟದ ಕಡೆಗೆ ಅವಳ ತಲೆ ಓಡಲಿಲ್ಲ, ಲೋಟದ ಕಡೆಗೆ ಓಡಿತು.

“ರೀ, ಕುಡಿಯೋಕೆ ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಹೇಳಿ.”

“ಯಾರಂದ್ರು ಇಷ್ಟ ಇಲ್ಲ ಅಂತ? ಹಿತ್ತಲಲ್ಲಿ ಗಾಳಿ ಚೆನ್ನಾಗಿದೆ.”

“ಗಾಳಿ ಕುಡಿಯೋಕೆ ಹೋಗ್ತೀರಾ, ಸ್ಮೂದಿ ಕುಡಿಯೋಕೆ ಹೋಗ್ತೀರಾ?”

“ಎರಡೂ” ಅಂದ ಡ್ರೈವರಣ್ಣ. ಅನ್ನುತ್ತಲೇ ಅಂಗಿಯ ಜೇಬು ತಡವಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಗಿಡದ ಬುಡಕ್ಕೆ ಸುರಿಯುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಸಿಟ್ಟಿಗಿಂತ ಹೆಚ್ಚು ನೋವಾಯಿತು. ಈಚೆಗೆ ಅವಳ ಕೈ ಹೆದರದೆ ಮಾಡುತ್ತಿದ್ದ ಕೆಲಸ ಅದೊಂದೇ.

ಕೊನೆಗೆ ಒಂದು ದಿನ ಮೋಡವಿಲ್ಲದ ಬಿಸಿಲು ಬಿತ್ತು. ಇವತ್ತು ಮಧ್ಯಾಹ್ನ ಬಿಚ್ಚಿಯೇ ಬಿಡುವುದು ಎಂದು ಉಡುಪನ್ನು ಮೇಜಿನ ಮೇಲೆ ಹಾಸಿದಳು, ಹೊಸ ಬ್ಲೇಡು ತೆಗೆದಿಟ್ಟಳು. ಡ್ರೈವರಣ್ಣ ಹಳೆಯ ಸ್ನೇಹಿತರನ್ನು ನೋಡಲು ಲಾರಿ ಸ್ಟ್ಯಾಂಡಿಗೆ ಹೋಗಿದ್ದ. ಬ್ಲೇಡು ಹಿಡಿಯುವ ಮೊದಲು ಮನಸ್ಸಿನ ಇನ್ನೊಂದು ಮುಳ್ಳು ತೆಗೆದುಬಿಡೋಣ ಎಂದು ಅವಳು ಹಿತ್ತಲಿಗೆ ಹೋದಳು. ಕಳ್ಳಿಯ ಬುಡದಲ್ಲಿ ಕೂತು ಮಣ್ಣು ಮುಟ್ಟಿ ನೋಡಿದಳು. ಒಣ ಮಣ್ಣು. ಹಸಿರು ಕಲೆ ಇಲ್ಲ, ಒಂದು ನೊಣ ಕೂಡ ಇಲ್ಲ.

ಏಳುವಾಗ ಕೈಗೆ ಬಟ್ಟೆಯೊಂದು ತಾಗಿತು. ನೀರಿನ ಡ್ರಮ್ಮಿನ ಹಿಂದೆ, ಯಾರಿಗೂ ಕಾಣದ ಹಾಗೆ, ಒಣಗಲು ಗೋಡೆಯ ಮೊಳೆಗೆ ನೇತುಹಾಕಿದ್ದ ಕರ್ಚೀಫಿನಷ್ಟು ತುಂಡು. ಬೆರಳಿಗೆ ಸಿಕ್ಕೊಡನೆ ಗೊತ್ತಾಯಿತು, ಅವಳದೇ ಮಲ್ ಬಟ್ಟೆ, ರವಿಕೆಗಳ ಒಳಪದರಕ್ಕೆ ತಂದ ಥಾನಿನದ್ದು. ಅಂಚು ಹಲ್ಲುಹಲ್ಲಾಗಿತ್ತು, ಕತ್ತರಿ ಹಿಡಿಯಲು ಬಾರದ ಕೈ ಕತ್ತರಿಸಿದ್ದು. ಅಭ್ಯಾಸ ಬಿಡುವುದುಂಟೇ, ಅವಳು ಹಿಂಗೈಯನ್ನು ಬಟ್ಟೆಯ ಮೇಲೆ ಹಗುರಾಗಿ ಎಳೆದಳು. ಚುರುಕ್ ಅಂದಿತು.

ಒಳಗೆ ಬಂದು ಮಿಷನ್ನಿನ ದೀಪ ಹಾಕಿ, ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಗ್ಗಿ ನೋಡಿದಳು. ತೊಳೆದು ತೊಳೆದು ಬೂದುಹಸಿರಾದ ಬಟ್ಟೆ. ಅದರ ನೂಲಿನ ಸಂದಿಗಳಲ್ಲಿ ತೊಳೆದರೂ ಹೋಗದೆ ಕೂತ ಹಳದಿ ಮುಳ್ಳುಗಳು. ಹೊಸವು, ಹಳೆಯವು, ಅರ್ಧ ಮುರಿದವು. ಹಿತ್ತಲಿನ ಗಾಳಿ ಏನೆಂದು ಅವಳಿಗೆ ಆಗ ಅರ್ಥವಾಯಿತು, ಚಿಮುಟ ಶೇವಿಂಗ್ ಡಬ್ಬಿಗೆ ಯಾಕೆ ಹೋಯಿತೆಂದೂ ಅರ್ಥವಾಯಿತು. ಹಲ್ಲು ಕಿತ್ತ ಹಸಿ ವಸಡಿನ ಬಾಯಿ. ಅದರೊಳಗೆ ಅವಳೇ ದಿನಾ ಬೆಳಗ್ಗೆ ಮುಳ್ಳು ಅರೆದು ಹುಯ್ದಿದ್ದಳು, ಮೇಲಿಂದ ‘ಹೇಗಿದೆ?’ ಎಂದು ಬೇರೆ ಕೇಳಿದ್ದಳು. ಅವನು ಬೊಚ್ಚುಬಾಯಿ ಅಗಲಿಸಿ ‘ಜೋರಾಗಿದೆ’ ಅಂದಿದ್ದ.

ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು. ಅಳುವಿನ ನಡುವೆಯೇ ಮೇಜಿನ ಮೇಲಿದ್ದ ಗುಲಾಬಿ ರೇಷ್ಮೆಯ ಕಡೆ ನೋಡಿದಳು. ಹಸಿರು ಎಲೆಯ ಮೇಲಿನ ಹಳದಿ ಮುಳ್ಳು ಕಾಣದ ಕಣ್ಣಿಗೆ ಗುಲಾಬಿಯ ಮೇಲಿನ ಗುಲಾಬಿ ದಾರ ಕಾಣುತ್ತದೆಯೇ? ಇನ್ನು ಹತ್ತು ನಿಮಿಷ ಆಗಿದ್ದರೆ ಬ್ಲೇಡು ಇಳಿಸಿಬಿಡುತ್ತಿದ್ದಳು. ಬ್ಲೇಡನ್ನು ಕಾಗದದಲ್ಲಿ ಸುತ್ತಿ, ಉಡುಪನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಸ್ಮೂದಿ ಸೋಸಲೆಂದು ಥಾನಿನಿಂದ ಹೊಸದೊಂದು ಮಲ್ ತುಂಡು ಕತ್ತರಿಸಿ, ನಾಲ್ಕೂ ಅಂಚು ಮಡಚಿ ಮಿಷನ್ನಿಗೆ ಕೊಟ್ಟಳು.

ಸಂಜೆ ನಾಲ್ಕಕ್ಕೆ ಡ್ರೈವರಣ್ಣ ಬಂದು ಬೆಂಚಿನ ಮೇಲೆ ಕೂತು ಪೇಪರು ಬಿಡಿಸಿದ. ಅವಳು ಆ ಸೋಸುಬಟ್ಟೆಯನ್ನು ಎತ್ತಿ ಹಿಡಿದಳು.

“ರೀ, ಹೊಲಿಗೆ ನೇರ ಇದೆಯಾ?”

“ಗೆರೆ ಎಳೆದ…” ಎಂದವನು ಬಟ್ಟೆ ನೋಡಿ ಅಲ್ಲಿಗೇ ನಿಂತ. ಪಕ್ಕದಲ್ಲಿ ಅವನ ಹಸಿರು ತುಂಡೂ ಇತ್ತು. ಅವನು ಪೇಪರು ಮಡಚಿದ, ಎದ್ದು ಬಂದ, ಬಟ್ಟೆಯನ್ನು ಬೆಳಕಿಗೆ ಹಿಡಿದು ನಾಲ್ಕೂ ಅಂಚನ್ನು ಸುತ್ತಿ ಸುತ್ತಿ ನೋಡಿದ. ಅಷ್ಟು ವರ್ಷಗಳಲ್ಲಿ ಅವಳ ಹೊಲಿಗೆಯನ್ನು ಅವನು ನಿಜವಾಗಿ ನೋಡಿದ್ದು ಅದೇ ಮೊದಲು.

“ಇಲ್ಲ ಕಣೇ” ಅಂದ. “ಸೊಟ್ಟಗಿದೆ.”

ಅವಳು ಸ್ಟೂಲು ಎಳೆದುಕೊಂಡು ಕೂತಳು. “ಯಾವಾಗಿಂದ ಗೊತ್ತು ನಿಮ್ಗೆ?”

“ಪೋಸ್ಟ್‌ಮನ್ ಕೈಲಿ ಸೂಜಿ ಪೋಣಿಸ್ದೆಯಲ್ಲ, ಅವತ್ತೇ ಅನುಮಾನ. ನಾಲಿಗೆಗೆ ಚುಚ್ಚಿದ ದಿನ ಖಾತ್ರಿ ಆಯ್ತು.”

“ಹೇಳ್ಬಾರ್ದಿತ್ತೇನ್ರೀ? ಮುಳ್ಳು ನುಂಗ್ಕೊಂಡು ಸುಮ್ನಿದ್ರಲ್ಲ!”

“ನಾನು ಹೇಳಿದ್ರೆ ನೀನು ಒಪ್ತಿದ್ಯಾ? ಜಗಳ ಆಡ್ತಿದ್ದೆ. ನೀನಾಗೇ ಹೇಳ್ಲಿ ಅಂತ ಸ್ವಲ್ಪ ಜಾಗ ಬಿಟ್ಟಿದ್ದೆ.” ಅವನು ಸೊಟ್ಟ ಅಂಚಿನ ಬಟ್ಟೆಯನ್ನು ಜೋಪಾನವಾಗಿ ಮಡಚಿದ. “ಒಂದರ್ಧ ಇಂಚು.”

ಅಳುತ್ತಿದ್ದವಳಿಗೆ ನಗು ಬಂತು. ನಗುತ್ತಲೇ, “ಆಸ್ಪತ್ರೆಗೆ ಹೋದ್ರೆ ಆಪರೇಷನ್ ಅಂತಾರೆ. ಮಾಡಿ ಇರೋದೂ ಹೋಗ್ಬಿಟ್ರೆ?” ಎಂದು ಕೇಳಿದಳು. ಚಿಕ್ಕಪ್ಪನ ಬೆರಳುಗಳ ವಿಷಯವನ್ನು ಮೊದಲ ಬಾರಿಗೆ ಗಂಡನಿಗೆ ಹೇಳಿದಳು. ಅವನು ಧೈರ್ಯದ ಮಾತೇನೂ ಆಡಲಿಲ್ಲ. “ನಂಗೂ ಭಯ ಇದೆ. ಆದ್ರೂ ಹೋಗೋಣ” ಅಂದ.

ಪೆಟ್ಟಿಗೆ ಎತ್ತಿಕೊಂಡು ಅವಳೇ ಎದುರುಮನೆಗೆ ಹೋದಳು. “ನನ್ನ ಕಣ್ಣು ಸರಿ ಇಲ್ಲಮ್ಮ. ಒಂದು ತಿಂಗಳಿಂದ ಸುಳ್ಳು ಹೇಳ್ಕೊಂಡು ಇಟ್ಕೊಂಡಿದ್ದೆ. ಬೇರೆ ಯಾರಿಗಾದ್ರೂ ಕೊಡು” ಅಂದಳು.

ನರ್ಸಮ್ಮ ಪೆಟ್ಟಿಗೆಯನ್ನು ಕೈಯಿಂದ ತೆಗೆದುಕೊಳ್ಳಲೇ ಇಲ್ಲ. “ಅಕ್ಕ, ನಾನು ಆಸ್ಪತ್ರೆಯವಳು. ಸೂಜಿ ಪೋಣಿಸೋದು ಅಂಗಡಿ ಪದ್ಧತಿ ಅಂದ್ರೆ ನಂಬ್ತೀನಾ? ಇಡೀ ಬೀದಿಗೇ ಗೊತ್ತು, ನೀವು ಬೇಜಾರು ಮಾಡ್ಕೋತೀರಂತ ಎಲ್ರೂ ಪೋಣಿಸ್ತಿದ್ರು. ನಾಳೆ ಎಂಟಕ್ಕೆ ರೆಡಿಯಾಗಿರಿ, ನಾನೇ ಕರ್ಕೊಂಡು ಹೋಗ್ತೀನಿ. ಮದುವೆಗೆ ಇನ್ನೂ ಎರಡೂವರೆ ತಿಂಗಳಿದೆ. ಅಮ್ಮನ ಉಡುಪು ನಿಮ್ಮ ಕೈ ಬಿಟ್ಟು ಇನ್ನೊಂದು ಕೈಗೆ ಹೋಗಲ್ಲ.”

ಪೊರೆ ಅಂದರು ಡಾಕ್ಟರು. ಎಡಗಣ್ಣಿನ ಆಪರೇಷನ್ ಮೊದಲು, ಬಲಗಣ್ಣಿನದು ಮೂರು ವಾರ ಬಿಟ್ಟು. ಅಷ್ಟು ದಿನವೂ ಡ್ರೈವರಣ್ಣನೇ ಅಡುಗೆಮನೆ ಸೇರಿ ಸ್ಮೂದಿ ಮಾಡಿದ, ಒಂದು ಲೋಟ ಅವಳಿಗೆ, ಒಂದು ಅವನಿಗೆ. ಹೊಗೆ, ನೀರು, ಮುಳ್ಳು ಯಾವುದರ ಹತ್ತಿರವೂ ಅವಳನ್ನು ಬಿಡಲಿಲ್ಲ. ಬಟ್ಟೆಯ ಕತ್ತರಿಯಲ್ಲೇ ಅನಾನಸ್ ಕತ್ತರಿಸಿದ್ದು ಮಾತ್ರ ಅವಳಿಗೆ ಆಮೇಲೆ ಗೊತ್ತಾಯಿತು, ಅದಕ್ಕೊಂದು ಜಗಳವೂ ಆಯಿತು.

ಡಾಕ್ಟರು ಸರಿ ಅಂದ ಮೇಲೆ ಕಿಟಕಿಯ ಬೆಳಕಿನಲ್ಲಿ ಕೂತು ಅವಳು ಗುಲಾಬಿ ಉಡುಪು ಬಿಚ್ಚಿದಳು. ಸೂಜಿಗೆ ತಾನೇ ದಾರ ಪೋಣಿಸಿದಳು. ಮಡಿಕೆಯೊಳಗಿದ್ದ ಅರ್ಧ ಇಂಚು ರೇಷ್ಮೆ ಬಿಸಿಲು ಕಾಣದೆ ಮೊದಲಿನ ಬಣ್ಣದಲ್ಲೇ ಇತ್ತು. ನರ್ಸಮ್ಮ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಸೊಂಟದ ಎರಡೂ ಬದಿಗೆ ಗಾಢ ಗುಲಾಬಿಯ ಒಂದೊಂದು ಪಟ್ಟಿ ಕಾಣಿಸಿತು. “ಇದು ಅಮ್ಮನದ್ದಲ್ಲ, ನನ್ನ ಪಾಲು” ಎಂದು ಅವಳು ಆ ಪಟ್ಟಿಯ ಮೇಲೆ ಕೈಯಿಟ್ಟುಕೊಂಡಳು.

ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಅರ್ಧ ಇಂಚಕ್ಕ ಇಕ್ಕಳ ಹಿಡಿದು ಹಿತ್ತಲಿಗೆ ಹೋಗಿ ಎಳೆಯ ಎಲೆಯೊಂದನ್ನು ಕೊಯ್ದು ತಂದಳು. ಅಡುಗೆಮನೆಯ ಕಿಟಕಿಯಲ್ಲಿ ಹಿಡಿದು ನೋಡಿದವಳು ಹಾಗೇ ನಿಂತುಬಿಟ್ಟಳು. ಒಂದೊಂದು ಗುಳಿಯಲ್ಲೂ ಬ್ರಷ್ಷಿನಂತೆ ಮುಳ್ಳು.

“ಅಯ್ಯೋ ದೇವ್ರೇ. ಇಷ್ಟೊಂದಿತ್ತಾ ರೀ?”

“ಎಲ್ಲಿ, ಎರಡೋ ಮೂರೋ” ಅಂದ ಡ್ರೈವರಣ್ಣ ಮುಂದಿನ ಕೋಣೆಯಿಂದ, ಪೇಪರಿನಿಂದ ಕಣ್ಣು ತೆಗೆಯದೆ.

ಅವಳು ಒಂದೊಂದೇ ಗುಳಿಯನ್ನು ಕತ್ತರಿಯ ತುದಿಯಿಂದ ಕೆತ್ತಿ ತೆಗೆದಳು, ಬೆಳಕಿಗೆ ಹಿಡಿದು ನೋಡಿದಳು, ತೊಳೆದು ಮತ್ತೆ ನೋಡಿದಳು. ಅರ್ಧ ಗಂಟೆ ಹಿಡಿಯಿತು. ಲೋಟ ತುಂಬಿಸಿ ಕರೆದಾಗ ಅವನು ಬಂದ, ಅಭ್ಯಾಸದಂತೆ ಗೂಟದಲ್ಲಿ ನೇತಾಡುತ್ತಿದ್ದ ಸೊಟ್ಟ ಅಂಚಿನ ಸೋಸುಬಟ್ಟೆಗೆ ಕೈ ಹಾಕಿದ. ಅವಳು ಅವನ ಕೈ ಹಿಡಿದು ಕೆಳಗಿಳಿಸಿದಳು.

“ಅದು ಬೇಡ. ಹಾಗೇ ಕುಡೀರಿ.”

ಅವನು ಹಿತ್ತಲಿಗೆ ಹೋಗಲಿಲ್ಲ. ಅವಳ ಎದುರಿಗೇ ನಿಂತು, ಹಲ್ಲಿಲ್ಲದ ಬಾಯಿಗೆ ಲೋಟ ಎತ್ತಿ, ತಳ ಕಾಣುವವರೆಗೂ ಗಟಗಟ ಕುಡಿದ.

“ಚುಚ್ಚಿತಾ?”

“ಇಲ್ಲ” ಅಂದ.

ಈ ಸಲ ಅವಳು ಅವನ ಮಾತನ್ನು ನಂಬಬೇಕಾಗಿರಲಿಲ್ಲ. ಅವಳೇ ನೋಡಿದ್ದಳು.